ಒಳ್ಳೆಯ ಮಾಸ್ತರರು ಊರು ಬಿಟ್ಟು ಹೋಗದಿರಲಿ

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಸತ್ಯವಿಶ್ವಾಸಿ ಬಂಧುಗಳೇ,

ಜೂನ್ ತಿಂಗಳು ಬಂತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಒಂದೇ ಪ್ರಶ್ನೆ: ಹೋದ ವರ್ಷ ಗಣಿತ ಕಲಿಸಿದ ಅಕ್ಕೋರು ಈ ವರ್ಷವೂ ಬರುತ್ತಾರೋ ಇಲ್ಲವೋ? ಕಾಯಂ ಹುದ್ದೆ ಖಾಲಿ ಇರುವಲ್ಲಿ ಸರ್ಕಾರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. 2022ರಲ್ಲಿ ಅವರ ಗೌರವಧನ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ, ಪ್ರೌಢಶಾಲೆಯಲ್ಲಿ 10,500 ಆಯಿತು. 2025ರ ಬಜೆಟ್ಟಿನಲ್ಲಿ ಇನ್ನೂ 2,000 ಹೆಚ್ಚಿಸುವ ಘೋಷಣೆ ಬಂತು. ಬಿ.ಎಡ್. ಓದಿದವರು ಈ ಹಣದಲ್ಲಿ ಮನೆ ನಡೆಸಬೇಕು. ಬೇರೆ ಕೆಲಸ ಸಿಕ್ಕ ದಿನ ಅವರು ಹೊರಟರೆ ತಪ್ಪು ಅವರದಲ್ಲ.

ನೇಮಕಾತಿ ಮತ್ತು ಸಂಬಳ ಸರ್ಕಾರದ ಕೈಯಲ್ಲಿದೆ. ಆದರೆ ಒಬ್ಬ ಶಿಕ್ಷಕರು ಊರಲ್ಲಿ ಉಳಿಯುವುದು ಸಂಬಳದಿಂದ ಮಾತ್ರವಲ್ಲ. ಊರು ಅವರನ್ನು ಹೇಗೆ ನೋಡಿಕೊಂಡಿತು, ಮಕ್ಕಳು ತರಗತಿಯಲ್ಲಿ ಹೇಗೆ ನಡೆದುಕೊಂಡರು ಎಂಬುದರಿಂದಲೂ ಉಳಿಯುತ್ತಾರೆ. ಈ ಎರಡೂ ನಮ್ಮ ಕೈಯಲ್ಲಿವೆ.

ಬದ್ರ್ ಯುದ್ಧದ ನಂತರದ ಘಟನೆಯನ್ನು ನೆನೆಯೋಣ. ಹಿಜರಿ 2ನೇ ವರ್ಷ. ಸೆರೆಯಾದವರು ಪರಿಹಾರಧನ ಕೊಟ್ಟು ಬಿಡುಗಡೆ ಪಡೆಯುತ್ತಿದ್ದರು. ಹಣವಿಲ್ಲದಿದ್ದರೂ ಓದು ಬರಹ ಬಲ್ಲವರಿಗೆ ಪ್ರವಾದಿ(ಸ) ಬೇರೆ ದಾರಿ ತೋರಿದರು: ಅನ್ಸಾರರ ಮಕ್ಕಳಿಗೆ ಅಕ್ಷರ ಕಲಿಸಿ, ಬಿಡುಗಡೆ ಹೊಂದಿ. ಮದೀನಾಕ್ಕೆ ಆಗ ಹಣದ ಅಗತ್ಯ ಎಷ್ಟಿತ್ತು! ಆದರೂ ಮಕ್ಕಳ ಅಕ್ಷರವನ್ನು ಒಬ್ಬ ಮನುಷ್ಯನ ಬಿಡುಗಡೆಯ ಬೆಲೆಗೆ ಸಮನಾಗಿ ತೂಗಲಾಯಿತು. ಆ ಗುರುಗಳು ನಿನ್ನೆಯವರೆಗೆ ಶತ್ರುಗಳಾಗಿದ್ದವರು ಎಂಬುದನ್ನೂ ಗಮನಿಸಿರಿ.

ಇದೇ ವರದಿಯಲ್ಲಿ ಇನ್ನೊಂದು ಮಾತಿದೆ. ಒಬ್ಬ ಹುಡುಗ ಗುರು ಹೊಡೆದರೆಂದು ಅಳುತ್ತಾ ಮನೆಗೆ ಬಂದ. ತಂದೆಗೆ ಸಿಟ್ಟು ಬಂತು. ಬದ್ರ್‌ನ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಇನ್ನು ನೀನು ಅವನ ಬಳಿ ಹೋಗಲೇಬೇಡ ಎಂದರು. ಆಗ ಯುದ್ಧದ ಗಾಯ ಹಸಿಯಾಗಿತ್ತು. ಇಂದು ಯಾವ ಯುದ್ಧವೂ ಇಲ್ಲ. ಆದರೂ ಮಗುವಿಗೆ ಗದರಿದರೆ ಸಾಕು, ವಿಚಾರಿಸುವ ಮೊದಲೇ ಮಾಸ್ತರರ ಜಾತಿ, ಧರ್ಮದ ಮಾತು ಬರುತ್ತದೆ. ಶಾಲೆಯ ಗೇಟಿನ ಮುಂದೆ ಜಗಳ, ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ. ಅಂಥ ಊರಲ್ಲಿ ಯಾರು ಉಳಿದಾರು?

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರು ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿಕೊಂಡವರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಓದಿದ್ದು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ. ಗುರುವಿನ ಧರ್ಮ ಕೇಳದೆ ಕಲಿಯುವ ವಾಡಿಕೆ ನಮ್ಮ ಈ ನೆಲದಲ್ಲಿ ಮೊದಲಿನಿಂದಲೂ ಇದೆ.

ಇನ್ನೊಂದು ಬಗೆಯ ಪಾಲಕರೂ ಇದ್ದಾರೆ. "ಹಡ್ಡಿ ಹಮಾರಿ, ಚಮಡಿ ತುಮಾರಿ" ಎಂದು ಮಗುವನ್ನು ಒಪ್ಪಿಸಿ ಹೋಗುತ್ತಾರೆ. ಎಲುಬು ನಮ್ಮದಂತೆ, ಚರ್ಮ ಮಾಸ್ತರರದಂತೆ! ಬಂಧುಗಳೇ, ಎಲುಬೂ ಚರ್ಮವೂ ಅಲ್ಲಾಹನ ಅಮಾನತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೊಡೆತದಲ್ಲಿ ಬೆಳೆದ ಮಗು ಸುಳ್ಳು ಮತ್ತು ಕಪಟ ಕಲಿಯುತ್ತದೆ ಎಂದು ಇಬ್ನ್ ಖಲ್ದೂನ್ ಆರು ಶತಮಾನಗಳ ಹಿಂದೆಯೇ ಬರೆದರು. ಈ ಮಾತು ಶಾಲೆಗಷ್ಟೇ ಅಲ್ಲ, ನಮ್ಮ ಮಕ್ತಬಿಗೂ ಅನ್ವಯಿಸುತ್ತದೆ.

ಹಾಗಾದರೆ ಶಿಸ್ತು ಹೇಗೆ? ಮುಆವಿಯಾ ಬಿನ್ ಹಕಮ್(ರ) ಎಂಬ ಸಹಾಬಿ ಹೊಸದಾಗಿ ಇಸ್ಲಾಮಿಗೆ ಬಂದವರು. ನಮಾಝಿನ ನಡುವೆ ಒಬ್ಬರು ಸೀನಿದಾಗ ಅವರು ಬಾಯಿ ಬಿಟ್ಟು ದುಆ ಹೇಳಿದರು. ಸುತ್ತಲಿನವರು ದುರುಗುಟ್ಟಿ ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಬೈಯಲಿಲ್ಲ, ಹೊಡೆಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಮಾಝಿನಲ್ಲಿ ಏನಿರಬೇಕು, ಏನಿರಬಾರದು ಎಂದು ತಿಳಿಸಿದರು, ಅಷ್ಟೇ. ಅಂಥ ಗುರುವನ್ನು ಹಿಂದೆಯೂ ಮುಂದೆಯೂ ನೋಡಲಿಲ್ಲವೆಂದು ಆ ಸಹಾಬಿ ಹೇಳಿದ್ದನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ತಪ್ಪನ್ನು ತಪ್ಪೆಂದೇ ಹೇಳಿದರು, ಆದರೆ ತಪ್ಪು ಮಾಡಿದವನ ಮಾನ ಉಳಿಸಿದರು. ಶಿಸ್ತು ಎಂದರೆ ಇದು.

ಆದರೆ ಈ ಮೃದುತ್ವ ಫಲ ಕೊಡಬೇಕಾದರೆ ಮನೆ ತನ್ನ ಪಾಲಿನ ಕೆಲಸ ಮಾಡಿರಬೇಕು. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿದ ಹುಡುಗ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತಾನೆ. ಮನೆಯಲ್ಲಿ ಮಾಸ್ತರರನ್ನು ಏಕವಚನದಲ್ಲಿ ಆಡಿಕೊಳ್ಳುವುದನ್ನು ಕೇಳಿದವನು ತರಗತಿಯಲ್ಲಿ ಎದುರುತ್ತರ ಕೊಡುತ್ತಾನೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥವರು ಐದು ಮಂದಿ ಇದ್ದರೆ ಪಾಠ ನಿಂತಿತು. ಎಂಥ ಶಿಕ್ಷಕರಿಗೂ ದಣಿವಾಗುತ್ತದೆ.

ಆದ್ದರಿಂದ ನಾಲ್ಕು ಕೆಲಸಗಳನ್ನು ಕೈಗೆತ್ತಿಕೊಳ್ಳೋಣ.

ಒಂದು, ಇಶಾ ನಮಾಝಿನ ನಂತರ ಮಕ್ಕಳ ಕೈಯಲ್ಲಿ ಮೊಬೈಲ್ ಬೇಡ. ಅದು ದೊಡ್ಡವರ ಕೈಯಿಂದಲೂ ಸ್ವಲ್ಪ ಹೊತ್ತು ಕೆಳಗಿಳಿಯಲಿ.

ಎರಡು, ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಗೆ ಹೋಗಿರಿ. ಕಾಯ್ದೆಯಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ತಾಯಂದಿರ ಹೆಸರು ಪಟ್ಟಿಯಲ್ಲಿದ್ದು ಸಹಿ ಗಂಡಸರು ಮಾಡುವುದು ಬೇಡ. ಮಗುವಿಗೆ ನಿಜವಾಗಿಯೂ ಅನ್ಯಾಯವಾಗಿದ್ದರೆ ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಬಿಇಒ ಕಚೇರಿಗೆ ಲಿಖಿತವಾಗಿ ದೂರು ಕೊಡಿರಿ.

ಮೂರು, ಹೊರಗಿನಿಂದ ಬಂದ ಶಿಕ್ಷಕರಿಗೆ, ಮುಖ್ಯವಾಗಿ ಅಕ್ಕೋರಿಗೆ, ಊರಲ್ಲಿ ಒಂದು ಒಳ್ಳೆಯ ಬಾಡಿಗೆ ಮನೆ ಸಿಗುವಂತೆ ಜಮಾಅತ್ ನೋಡಿಕೊಳ್ಳಲಿ. ಯಾವ ಧರ್ಮದವರೇ ಆಗಿರಲಿ.

ನಾಲ್ಕು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅತಿಥಿ ಶಿಕ್ಷಕರ ಕೈ ಬರಿದು. ಆ ಎರಡು ತಿಂಗಳು ಮದ್ರಸಾದ ಕೋಣೆಯಲ್ಲಿ ಗಣಿತ, ಇಂಗ್ಲಿಷ್, ಕನ್ನಡ ಪಾಠಕ್ಕೆ ಅವರನ್ನೇ ಕರೆಯೋಣ. ಜಮಾಅತ್ ಸಂಭಾವನೆ ಕೊಡಲಿ. ಮಕ್ಕಳಿಗೆ ಪಾಠವಾಗುತ್ತದೆ, ಅವರಿಗೂ ಊರಿನ ನಂಟು ಉಳಿಯುತ್ತದೆ. ಸೆಪ್ಟೆಂಬರ್ 5ರಂದು ಶಾಲು ಹೊದಿಸುವುದಕ್ಕಿಂತ ಇದು ದೊಡ್ಡ ಗೌರವ.

ಯಾ ಅಲ್ಲಾಹ್, ನಮ್ಮ ಮಕ್ಕಳಿಗೆ ಅದಬ್ ಮತ್ತು ಇಲ್ಮ್ ಎರಡನ್ನೂ ಕರುಣಿಸು. ಅವರಿಗೆ ಕಲಿಸುವವರ ದುಡಿಮೆಯಲ್ಲಿ ಬರಕತ್ ನೀಡು. ಅವರ ಕಷ್ಟ ಅರಿಯುವ ಮನಸ್ಸನ್ನು ನಮಗೆ ಕೊಡು. ಆಮೀನ್.