ಲಸಿಕೆ ಹಾಕಿದ ಕೋಳಿಗಳಲ್ಲಿ ಕೊಕ್ಕರೆ ರೋಗ: ಪತ್ತೆ ಹೇಗೆ?



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಕೋಳಿಯ ರೋಗದ ಬಗ್ಗೆ ಮಾತನಾಡಲು ಪಶುವೈದ್ಯ ಮಿತ್ರರೇ ನನಗಿಂತ ಅರ್ಹರು. ಆದರೆ ಮುಸುಕಿನ ಜೋಳದ ಹೊಲ ನೋಡಲು ಹೋದಾಗ ರೈತರು ಪಕ್ಕದ ಕೋಳಿ ಮನೆಗೂ ಕರೆದೊಯ್ಯುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: "ಲಸಿಕೆ ಹಾಕಿಸಿದ್ದೆವು ಸಾರ್, ಆದರೂ ರೋಗ ಬಂತು. ಲಸಿಕೆ ಕೆಟ್ಟಿತ್ತೋ, ಇಲ್ಲ ಇದು ಬೇರೆ ರೋಗವೋ?" ವೈದ್ಯ ಮಿತ್ರರಿಂದ ನಾನು ತಿಳಿದುಕೊಂಡದ್ದನ್ನು, ನನ್ನ ಶಾಖೆಯ ಒಂದು ಮಾತನ್ನೂ ಸೇರಿಸಿ, ಇಂದು ನಿಮ್ಮ ಮುಂದಿಡುತ್ತೇನೆ.

ಕೊಕ್ಕರೆ ರೋಗವನ್ನೇ ತೆಗೆದುಕೊಳ್ಳೋಣ. ರಾಣಿಖೇತ್ ಎಂಬ ಗುಡ್ಡಗಾಡಿನ ಊರಿನಲ್ಲಿ 1927ರಲ್ಲಿ ಕಾಣಿಸಿಕೊಂಡದ್ದರಿಂದ ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರು. ಇದು ನಂಜಾಣುವಿನಿಂದ, ಅಂದರೆ ವೈರಸ್‌ನಿಂದ, ಬರುವ ಕಾಯಿಲೆ. ಲಸಿಕೆ ಕಾಣದ ಹಿಂಡಿನಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ: ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚಿಕೊಳ್ಳುವುದು, ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಸಾವು. ಲಸಿಕೆ ಹಾಕಿದ ಹಿಂಡಿನಲ್ಲಿ ಹಾಗಲ್ಲ, ಇಲ್ಲಿ ರೋಗ ವೇಷ ಮರೆಸಿಕೊಂಡು ಬರುತ್ತದೆ. ಮೊಟ್ಟೆ ಏಕಾಏಕಿ ಇಳಿಯುತ್ತದೆ. ತೊಗಲು ಮೊಟ್ಟೆ, ಸೊಟ್ಟ ಮೊಟ್ಟೆ ಬೀಳುತ್ತವೆ. ರಾತ್ರಿ ಹೊತ್ತು ಗೊರಗೊರ ಸದ್ದು ಕೇಳಿಸಬಹುದು. ಸತ್ತ ಒಂದೆರಡನ್ನು ವೈದ್ಯರು ಕೊಯ್ದು ನೋಡಿದರೂ ಜಠರದ ಒಳಗೋಡೆಯ ರಕ್ತದ ಚುಕ್ಕೆಗಳು, ಕರುಳಿನ ಹುಣ್ಣುಗಳು ಸ್ಪಷ್ಟವಾಗಿ ಕಾಣದೆ ಹೋಗಬಹುದು. ಲಸಿಕೆ ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆಯೇ ಹೊರತು ನಂಜಾಣು ಮೈಯೊಳಗೆ ಹೊಗುವುದನ್ನಾಗಲಿ ಹಿಕ್ಕೆಯಲ್ಲಿ ಹೊರಬೀಳುವುದನ್ನಾಗಲಿ ಪೂರ್ತಿಯಾಗಿ ತಡೆಯುವುದಿಲ್ಲ.

ಸಾಂಕ್ರಾಮಿಕ ಬ್ರಾಂಕೈಟಿಸ್ ಬಂದರೂ ಮೊಟ್ಟೆ ಹೀಗೆಯೇ ಇಳಿಯುತ್ತದೆ. ಆದ್ದರಿಂದ ಕಣ್ಣಂದಾಜು ಸಾಲದು, ಪ್ರಯೋಗಶಾಲೆಯ ಪರೀಕ್ಷೆಯೇ ಆಗಬೇಕು. ಅಲ್ಲೂ ಒಂದು ತೊಡಕಿದೆ. ರೋಗವನ್ನು ಎದುರಿಸುವ ಪ್ರತಿಕಾಯಗಳು ರಕ್ತದಲ್ಲಿ ಸಿಕ್ಕಿದರೆ ರೋಗ ತಗಲಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಲಸಿಕೆ ಹಾಕಿದ ಕೋಳಿಯಲ್ಲಿ ಅವು ಮೊದಲೇ ಇರುತ್ತವೆ! ಹಾಗಾಗಿ ರಕ್ತವನ್ನು ಎರಡು ಸಲ ತೆಗೆಸಬೇಕು: ರೋಗ ಕಂಡ ಕೂಡಲೇ ಒಮ್ಮೆ, ಎರಡು ಮೂರು ವಾರಗಳ ನಂತರ ಮತ್ತೊಮ್ಮೆ. ನಡುವೆ ಲಸಿಕೆ ಕೊಡದಿದ್ದೂ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದ್ದರೆ ಹೊರಗಿನ ನಂಜಾಣು ಒಳಹೊಕ್ಕಿದೆಯೆಂದು ತಿಳಿಯಬಹುದು. ಒಂದು ತೋಟದಲ್ಲಿ ಯಜಮಾನರು ಗಾಬರಿಯಿಂದ ಮರುದಿನವೇ ಮತ್ತೆ ಲಸಿಕೆ ಕುಡಿಸಿದ್ದರು. ಹಳೆಯ ಸೀಸೆಗಳನ್ನು ಎಸೆದಿದ್ದರು, ತಾರೀಖೂ ಬರೆದಿಟ್ಟಿರಲಿಲ್ಲ. ಆಮೇಲೆ ತೆಗೆಸಿದ ರಕ್ತದಿಂದ ವೈದ್ಯರಿಗೆ ಏನೂ ಹೇಳಲಾಗಲಿಲ್ಲ. ಮೊದಲು ರಕ್ತ ತೆಗೆಸಿ, ಮರುಲಸಿಕೆಯ ಮಾತು ಆಮೇಲೆ, ಅದೂ ವೈದ್ಯರನ್ನು ಕೇಳಿ.

ನಂಜಾಣುವನ್ನೇ ಹಿಡಿಯುವುದು ಇನ್ನೊಂದು ದಾರಿ. ಆಗತಾನೇ ಸತ್ತ ಅಥವಾ ರೋಗ ಬಡಿದ ಕೋಳಿಯ ಶ್ವಾಸನಾಳ, ಮಿದುಳು, ಗುಲ್ಮ ಇವುಗಳ ಮಾದರಿಯನ್ನು ವೈದ್ಯರು ಮಂಜುಗಡ್ಡೆಯಲ್ಲಿಟ್ಟು ಕಳುಹಿಸುತ್ತಾರೆ. ನಿನ್ನೆ ಸತ್ತು ಇಂದು ನಾರುವ ಕೋಳಿಯಿಂದ ಪ್ರಯೋಜನವಿಲ್ಲ. ಕಾವಿಗಿಟ್ಟ 9ರಿಂದ 11 ದಿನದ ಮೊಟ್ಟೆಯಲ್ಲಿ ನಂಜಾಣುವನ್ನು ಬೆಳೆಸುತ್ತಾರೆ. ಈಗ ಪಿ.ಸಿ.ಆರ್. ಪರೀಕ್ಷೆಯಿಂದ ಬೇಗ ತಿಳಿಯುತ್ತದೆ. ಆದರೆ ಲಸಿಕೆಯೂ ಜೀವಂತ ನಂಜಾಣುವೇ, ಅದೂ ಪರೀಕ್ಷೆಯಲ್ಲಿ ಸಿಗಬಹುದು. "ರಾಣಿಖೇತ್ ನಂಜಾಣು ಇದೆ" ಎಂಬ ವರದಿಗೆ ತೃಪ್ತರಾಗದೆ, ಅದು ಲಸಿಕೆಯ ತಳಿಯೋ ಉಗ್ರ ತಳಿಯೋ ಎಂದು ಕೇಳಿ. ಕೊಟ್ಟ ಲಸಿಕೆ ಎಫ್, ಲಸೋಟಾ, ಆರ್-2-ಬಿ ಇವುಗಳಲ್ಲಿ ಯಾವುದು, ಯಾವ ದಿನ ಕೊಟ್ಟಿರಿ, ಸೀಸೆಯ ಮೇಲಿನ ತಂಡದ ಸಂಖ್ಯೆ ಏನು, ಇಷ್ಟನ್ನೂ ಮಾದರಿಯೊಂದಿಗೆ ಬರೆದು ಕಳುಹಿಸಿ.

ಒಂದು ಎಚ್ಚರಿಕೆ. ಜುಟ್ಟು ನೀಲಿಯಾಗಿ, ತಲೆ ಊದಿ, ಕೋಳಿಗಳು ರಾಶಿ ರಾಶಿಯಾಗಿ ಸತ್ತರೆ ಯಾವುದನ್ನೂ ಕೊಯ್ಯಬೇಡಿ, ಹೊರಗೆ ಸಾಗಿಸಬೇಡಿ, ಕೂಡಲೇ ಪಶುವೈದ್ಯಾಧಿಕಾರಿಗೆ ತಿಳಿಸಿ. ಅದು ಹಕ್ಕಿ ಜ್ವರವೂ ಆಗಿರಬಹುದು. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿಯೇ ಅದು ಕಾಣಿಸಿಕೊಂಡಿತ್ತು. ಅದನ್ನು ಖಚಿತಪಡಿಸುವುದು ಭೋಪಾಲದ ಪ್ರಯೋಗಶಾಲೆ.

ಇನ್ನು ಲಸಿಕೆ ಏಕೆ ಹಿಡಿಯಲಿಲ್ಲ ಎಂಬ ಮಾತು. ಮಂಜುಗಡ್ಡೆಯಿಲ್ಲದೆ ಬಸ್ಸಿನಲ್ಲಿ ತಂದದ್ದು, ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಕಲಸಿದ್ದು ನಿಮಗೆ ಗೊತ್ತಿರುವ ಕಾರಣಗಳೇ. ತಾಯಿಯಿಂದ ಬಂದ ಪ್ರತಿಕಾಯ ಮರಿಯ ಮೈಯಲ್ಲಿ ಹೆಚ್ಚಿದ್ದರೂ ಲಸಿಕೆ ನಾಟುವುದಿಲ್ಲ. ಗಂಬೋರೋ ರೋಗ ತಗಲಿದ ಮರಿಗಳಲ್ಲಿ ಪ್ರತಿರೋಧ ಶಕ್ತಿಯೇ ಕುಂದಿರುತ್ತದೆ. ನನ್ನ ಶಾಖೆಗೆ ಸೇರಿದ ಕಾರಣವೂ ಒಂದಿದೆ, ಅದು ಬೂಷ್ಟು. ಮಳೆಯಲ್ಲಿ ಕೊಯ್ದು ಸರಿಯಾಗಿ ಒಣಗಿಸದ ಜೋಳದಲ್ಲಿ, ಹಳೆಯ ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಕೋಳಿಯನ್ನು ಕೊಲ್ಲದಷ್ಟು ಕಡಿಮೆ ಇದ್ದರೂ ಅದು ಲಸಿಕೆಯ ಫಲವನ್ನು ಕುಗ್ಗಿಸಬಲ್ಲದು. ರಕ್ತದ ಜೊತೆಗೆ ಮೇವಿನ ಚೀಲದಿಂದ ಒಂದು ಸೇರು ಕಾಳನ್ನೂ ಪರೀಕ್ಷೆಗೆ ಕಳುಹಿಸಿ. ಜೋಳವನ್ನು ತೇವಾಂಶ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸಿಯೇ ಚೀಲಕ್ಕೆ ತುಂಬಿ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಎಂದು ಒಡೆಯಬೇಕು.