ಯೂಸೆಫ್ ಲತೀಫ್: ಕಲಿಯುತ್ತ ಕಲಿಸಿದ ವಾದಕ

ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಆ ವಾದ್ಯವನ್ನು ನಮ್ಮವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಆದರೆ ಅದು ದೊಡ್ಡ ಹೆಸರು ಪಡೆದದ್ದು ಅಮೆರಿಕದ ನೀಗ್ರೋ ಜನಾಂಗ ಬೆಳೆಸಿದ ಜಾಝ್ ಸಂಗೀತದಲ್ಲಿ. ಆ ಸಂಗೀತದಲ್ಲೇ ಪಳಗಿ, ‘ಜಾಝ್’ ಎಂಬ ಹೆಸರನ್ನು ಮಾತ್ರ ಒಲ್ಲೆನೆಂದ ಯೂಸೆಫ್ ಲತೀಫರ ವಿಚಾರವಾಗಿ ಇಂದು ನಾಲ್ಕು ಮಾತು.

ಲತೀಫರು ಹುಟ್ಟಿದ್ದು 1920ರಲ್ಲಿ, ಟೆನೆಸಿ ಸಂಸ್ಥಾನದ ಚಟನೂಗ ನಗರದಲ್ಲಿ. ಬೆಳೆದದ್ದು ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನಲ್ಲಿ. 1949ರಲ್ಲಿ ಡಿಜ್ಜಿ ಗಿಲೆಸ್ಪಿಯವರ ದೊಡ್ಡ ಮೇಳದೊಡನೆ ಊರೂರು ಸುತ್ತಿದರು. ಸುಮಾರು ಅದೇ ಕಾಲದಲ್ಲಿ ಇಸ್ಲಾಂ ಮತವನ್ನು ಸ್ವೀಕರಿಸಿ ಈ ಹೆಸರನ್ನು ತಳೆದರು. ಆಮೇಲೆ ಡೆಟ್ರಾಯಿಟಿಗೆ ಹಿಂದಿರುಗಿ, ಅಲ್ಲಿಯ ವೇಯ್ನ್ ವಿಶ್ವವಿದ್ಯಾನಿಲಯದಲ್ಲಿ ಕೊಳಲನ್ನೂ ಸಂಗೀತ ರಚನೆಯನ್ನೂ ಅಭ್ಯಾಸಮಾಡಿದರು. ಮೇಳದಲ್ಲಿ ಹೆಸರಾದವರು ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದು ಇದೇ ಕೊನೆಯಲ್ಲ.

ಒಂದು ವಾದ್ಯದಿಂದ ಅವರಿಗೆ ತೃಪ್ತಿಯಾಗಲಿಲ್ಲ. ನಮ್ಮ ಶಹನಾಯಿಯನ್ನೂ, ಅದರ ಪಾಶ್ಚಾತ್ಯ ಬಂಧುವೆನ್ನಬಹುದಾದ ಓಬೋವನ್ನೂ, ಬಿದಿರಿನ ಕೊಳಲುಗಳನ್ನೂ ಅವರು ನುಡಿಸಿದರು. 1961ರಲ್ಲಿ ಮುದ್ರಿತವಾದ ‘ಈಸ್ಟರ್ನ್ ಸೌಂಡ್ಸ್’ ಎಂಬ ಧ್ವನಿಮುದ್ರಿಕೆಯಲ್ಲಿ ಚೀನದ ಗುಂಡನೆಯ ಮಣ್ಣಿನ ಊದುವಾದ್ಯವೊಂದು ಕೇವಲ ಕೆಲವೇ ಸ್ವರಗಳಲ್ಲಿ ಹಾಡುವುದನ್ನು ಕೇಳಬಹುದು. 1962ರಿಂದ 1964ರವರೆಗೆ ಕ್ಯಾನನ್‌ಬಾಲ್ ಆಡರ್ಲಿಯವರ ತಂಡದಲ್ಲಿದ್ದು, ಜಪಾನಿನವರೆಗೂ ಹೋಗಿಬಂದರು.

ಇಷ್ಟು ಕೀರ್ತಿ ಬಂದ ಮೇಲೆ ಯಾರಿಗೆ ಬೇಕು ಪಾಠಶಾಲೆ? ಲತೀಫರಿಗೆ ಬೇಕಾಯಿತು. ಮ್ಯಾನ್‌ಹ್ಯಾಟನ್ ಸಂಗೀತ ಶಾಲೆಯಲ್ಲಿ 1969ರಲ್ಲಿ ಪದವಿ, ಮರುವರ್ಷ ಸಂಗೀತ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ. 1975ರಲ್ಲಿ, ಐವತ್ತೈದರ ಹೊಸ್ತಿಲಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಡಾಕ್ಟರೇಟು. ಪ್ರಬಂಧದ ವಿಷಯ ಪಾಶ್ಚಾತ್ಯ ಮತ್ತು ಇಸ್ಲಾಮೀ ಶಿಕ್ಷಣಗಳ ಹೋಲಿಕೆ. 1981ರಲ್ಲಿ ನೈಜೀರಿಯಾದ ಜಾರಿಯಾ ನಗರದ ಅಹ್ಮದು ಬೆಲ್ಲೊ ವಿಶ್ವವಿದ್ಯಾನಿಲಯಕ್ಕೆ ಹೋಗಿ, ನಾಲ್ಕು ವರ್ಷ ನಿಂತು, ಫುಲಾನಿ ದನಗಾಹಿಗಳ ಸರೇವಾ ಎಂಬ ಕೊಳಲನ್ನು ಕುರಿತು ಸಂಶೋಧನೆ ನಡೆಸಿದರು. ಕಲಿಸಲು ಬಂದ ಪಂಡಿತನು ದನಗಾಹಿಯ ಕೊಳಲಿಗೆ ಕಿವಿಗೊಟ್ಟದ್ದು ಸಣ್ಣ ಸಂಗತಿಯೇ? ಸ್ವದೇಶಕ್ಕೆ ಮರಳಿದ ಮೇಲೆ ತಾವು ಡಾಕ್ಟರೇಟು ಪಡೆದ ವಿಶ್ವವಿದ್ಯಾನಿಲಯದಲ್ಲೇ ಬಹುಕಾಲ ಅಧ್ಯಾಪಕರಾಗಿದ್ದರು.

ಇನ್ನು ಹೆಸರಿನ ವಿಚಾರ. ‘ಜಾಝ್’ ಎಂಬ ಪದಕ್ಕೆ ಹಗುರವಾದ, ಅಸಭ್ಯವಾದ ಅರ್ಥಗಳು ಅಂಟಿಕೊಂಡಿವೆ, ತಮ್ಮವರ ಗಂಭೀರವಾದ ಕಲೆಗೆ ಅದು ತಕ್ಕ ಹೆಸರಲ್ಲ ಎಂಬುದು ಅವರ ವಾದ. ದೇಹ, ಮನಸ್ಸು, ಆತ್ಮ ಈ ಮೂರರಿಂದಲೂ ಹೊಮ್ಮುವ ಸಂಗೀತವೆಂಬ ಅರ್ಥದಲ್ಲಿ ‘ಆಟೋಫಿಸಿಯೋಸೈಕಿಕ್’ ಎಂಬ ಉದ್ದನೆಯ ಪದವನ್ನು ಅವರೇ ಕಟ್ಟಿದರು. ನಾಲಗೆಗೆ ಕಷ್ಟವಾದ ಈ ಪದ ಜನರಲ್ಲಿ ರೂಢಿಗೆ ಬರಲಿಲ್ಲ, ನಿಜ. 2010ರಲ್ಲಿ ಅವರ ದೇಶ ಕೊಟ್ಟ ಹಿರಿಯ ಗೌರವದ ಹೆಸರು ಕೂಡ ‘ಜಾಝ್ ಮಾಸ್ಟರ್’ ಎಂದೇ! ಆದರೂ ಅವರ ಆಕ್ಷೇಪಣೆ ಹುರುಳಿಲ್ಲದ್ದೆನ್ನಲಾಗದು. ಕಲಾವಿದನು ತನ್ನ ಕಲೆಗೆ ತಾನೇ ಹೆಸರಿಡಬೇಕೋ, ಮಾರುವವರು ಇಟ್ಟ ಹೆಸರನ್ನು ಹೊರಬೇಕೋ ಎಂಬ ಪ್ರಶ್ನೆ ಅದರ ಹಿಂದಿದೆ. ಸೆರೆಯಂಗಡಿಗಳ ಮಬ್ಬುಗತ್ತಲಲ್ಲಿ ಬೆಳೆದ ಸಂಗೀತಕ್ಕೆ ಅವರು ಬಯಸಿದ್ದು ಪಾಠಶಾಲೆಯ ಬೆಳಕನ್ನು.

2013ರ ಡಿಸೆಂಬರಿನಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ ಲತೀಫರು ತೀರಿಕೊಂಡರು. ಸ್ವರಶ್ರೇಣಿಗಳನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥ ವಿದ್ಯಾರ್ಥಿಗಳ ಕೈಯಲ್ಲಿ ಉಳಿದಿದೆ. ವಿದ್ವತ್ತು ಕೈಗೆ ಬಂದ ಮೇಲೂ ಶಿಷ್ಯವೃತ್ತಿಯನ್ನು ಬಿಡದಿದ್ದವರ ಬರಹಕ್ಕೆ ಇರುವ ತೂಕ ಅದಕ್ಕಿದೆ.