ಮನೆಬಾಗಿಲಿಗೆ ಬರುವ ನರ್ಸಬಾಯಿ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವನು. ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವವನು. ಆದರೂ ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಒಪ್ಪಿಕೊಂಡೆ. ಯಾರ ಮೈ ಕೆಡುತ್ತಿದೆ ಎಂಬುದು ಹಾಜರಿ ಬರೆಯುವವನಿಗೆ ಒಮ್ಮೊಮ್ಮೆ ಡಾಕ್ಟರರಿಗಿಂತ ಮೊದಲೇ ತಿಳಿಯುತ್ತದೆ. ಮೊದಲು ವಾರಕ್ಕೊಂದು ಗೈರುಹಾಜರಿ, ಆಮೇಲೆ ಎರಡು, ಆಮೇಲೆ ಹೆಸರಿನ ಮುಂದೆ ‘ಊರಿಗೆ ಹೋಗಿದ್ದಾನೆ’ ಎಂಬ ಷರಾ.

ಈ ‘ಊರಿಗೆ ಹೋಗಿದ್ದಾನೆ’ ಎಂಬ ಮಾತಿನ ಬಗ್ಗೆಯೇ ಇಂದು ಹೇಳಬೇಕೆಂದಿದ್ದೇನೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದ ನಮ್ಮವರು ಒಂದೊಂದು ಖೋಲಿಯಲ್ಲಿ ಆರೆಂಟು ಜನ ಕೂಡಿ ಇರುತ್ತಾರೆ. ಅವರಲ್ಲಿ ಒಬ್ಬನಿಗೆ ಕ್ಷಯವೆಂದು ಗೊತ್ತಾಯಿತೆನ್ನಿ. ಆ ಕ್ಷಣದಿಂದ ಅವನ ತಟ್ಟೆ ಬೇರೆ, ಚಾಪೆ ಬೇರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಗಂಟು ಕಟ್ಟಿಸಿ ರೈಲು ಹತ್ತಿಸುತ್ತಾರೆ. ಹತ್ತಿಸುವವರು ಕೆಟ್ಟವರೆಂದು ನಾನು ಹೇಳಲಾರೆ. ಟಿಕೀಟಿನ ಹಣ ಕೂಡಿಸಿಕೊಡುವವರೂ ಅವರೇ. ಆದರೆ ಆ ಮನುಷ್ಯನ ಔಷಧಿ ಇಲ್ಲಿ ನಿಂತುಹೋಗುತ್ತದೆ, ಅಲ್ಲಿ ಶುರುವಾಗುವುದೇ ಇಲ್ಲ. ಅಲ್ಲಿ ಅವನು ಮಲಗುವುದು ಮುದಿ ತಾಯಿಯ, ಕೂಸಿನ ಮಗ್ಗುಲಲ್ಲಿ.

ಇಕ್ಕಟ್ಟಾದ ಖೋಲಿಯಲ್ಲಿಯೇ ಇಟ್ಟುಕೊಂಡು ಕ್ಷಯ ವಾಸಿ ಮಾಡಲು ಬರುತ್ತದೆಯೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲೇ, ಮದ್ರಾಸಿನಲ್ಲಿ, ಉತ್ತರ ಸಿಕ್ಕಿ ಅರವತ್ತು ವರ್ಷಗಳ ಮೇಲಾಯಿತು. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಒಂದು ಸಂಶೋಧನ ಕೇಂದ್ರ ಆರಂಭವಾಯಿತು. ಆ ಕಾಲದ ನಂಬಿಕೆ ಏನೆಂದರೆ, ರೋಗಿ ಸ್ಯಾನಿಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಮಲಗಬೇಕು, ಒಳ್ಳೆಯ ಗಾಳಿ ಬೇಕು, ಹಾಲು ಮೊಟ್ಟೆ ಬೇಕು. ಬಡವರಿಗೆ ಇದೆಲ್ಲ ಎಲ್ಲಿಂದ ಬರಬೇಕು? ಕೇಂದ್ರದವರು 193 ರೋಗಿಗಳನ್ನು ಆರಿಸಿಕೊಂಡರು. ಎಲ್ಲರೂ ಪಟ್ಟಣದ ಬಡ ಕೇರಿಗಳವರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಿಟೋರಿಯಮ್ಮಿಗೆ ಕಳಿಸಿದರು, ಇನ್ನೊಂದನ್ನು ಅವರವರ ಮನೆಯಲ್ಲೇ ಬಿಟ್ಟರು. ಎರಡಕ್ಕೂ ಒಂದು ವರ್ಷ ಅದೇ ಔಷಧಿ.

1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ವೈದ್ಯರೇ ಬೆರಗಾದರು. ಸಾಲದ ಊಟ, ಸಾಲದ ಜಾಗ, ಸಾಲದ ವಿಶ್ರಾಂತಿ ಇದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಸ್ಯಾನಿಟೋರಿಯಮ್ಮಿನವರಷ್ಟೇ ಗುಣ ಹೊಂದಿದ್ದರು. ಇನ್ನು ನಮಗೆ ಮುಖ್ಯವಾದ ಮಾತು. ರೋಗಿಯೊಡನೆ ಒಂದೇ ಸೂರಿನಡಿ ಇದ್ದ ಮನೆಮಂದಿಯನ್ನು ಐದು ವರ್ಷ ಕಾದು ನೋಡಿದರು. ರೋಗಿಯನ್ನು ದೂರ ಕಳಿಸಿದ ಮನೆಯವರಿಗಿಂತ, ಜೊತೆಯಲ್ಲೇ ಇಟ್ಟುಕೊಂಡು ಔಷಧಿ ಕೊಟ್ಟ ಮನೆಯವರಿಗೆ ರೋಗ ಹೆಚ್ಚಾಗಿ ಹತ್ತಲಿಲ್ಲ. ಅಂಟುವುದಿದ್ದರೆ ಬಹುಪಾಲು ಔಷಧಿ ಶುರುವಾಗುವ ಮೊದಲೇ ಅಂಟಿರುತ್ತದೆ. ಔಷಧಿ ಸರಿಯಾಗಿ ಹೊಟ್ಟೆಗೆ ಬೀಳತೊಡಗಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹರಡುವ ಶಕ್ತಿ ಬಹಳ ಕುಂದುತ್ತದೆ. ತಟ್ಟೆ ಲೋಟದಿಂದ ಕ್ಷಯ ಬರುವುದಿಲ್ಲ. ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ ಬರುತ್ತದೆ. ತಟ್ಟೆ ಬೇರೆ ಮಾಡುವವರು ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿ ಮಲಗುತ್ತಾರೆ. ಎಂಥ ವಿಚಿತ್ರ ನೋಡಿ!

ಮದ್ರಾಸಿನ ಆ ಕೆಲಸದಲ್ಲಿ ನರ್ಸುಗಳ ಪಾತ್ರ ದೊಡ್ಡದು. ಅವರು ಹೇಳದೆ ಕೇಳದೆ ಮನೆಗೆ ಬಂದು ಮಾತ್ರೆ ಎಣಿಸುತ್ತಿದ್ದರು, ನುಂಗಿದ್ದು ನಿಜವೆ ಎಂದು ತಿಳಿಯಲು ಮೂತ್ರದ ಪರೀಕ್ಷೆಯನ್ನೂ ಮಾಡಿಸುತ್ತಿದ್ದರು. ಎರಡು ತಿಂಗಳಿಗೆ ಕೆಮ್ಮು ನಿಂತು ಹಸಿವು ಹೆಚ್ಚಿದ ಕೂಡಲೆ ‘ನನಗೇನೂ ಆಗಿಲ್ಲ’ ಎಂದು ಔಷಧಿ ಬಿಡುವುದು ಮನುಷ್ಯಸ್ವಭಾವ. ಅರ್ಧಕ್ಕೆ ಬಿಟ್ಟವನಿಗೆ ರೋಗ ಮರಳುತ್ತದೆ, ಆಗ ಹಳೆಯ ಔಷಧಿ ನಾಟದೆಯೂ ಹೋಗಬಹುದು. ಆದ್ದರಿಂದ ನರ್ಸಬಾಯಿ ಬಾಗಿಲು ತಟ್ಟಿದರೆ ‘ಅವರಿಲ್ಲ’ ಎಂದು ಒಳಗಿನಿಂದಲೇ ಹೇಳಿ ಕಳಿಸಬೇಡಿ. ಆಕೆ ಪೋಲೀಸಳಲ್ಲ.

ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ ಎಂದು ದೂರುವವರಿಗೆ ಇನ್ನೊಂದು ವಿಷಯ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದರು. 1963ರಲ್ಲಿ ಆ ವರದಿ ಬಂತು. ರೋಗಿಗಳಲ್ಲಿ ಅರ್ಧದಷ್ಟು ಜನ ತಾವಾಗಿಯೇ ದವಾಖಾನೆಗೆ ಹೋಗಿ ಬಂದಿದ್ದರು. ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಆದುದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಬಾಟಲಿ ಹಿಡಿದು ಮರಳಬೇಡಿ. ಕಫದ ಪರೀಕ್ಷೆ ಆಗಲಿ ಎಂದು ಕೇಳಿರಿ. ಸರಕಾರಿ ದವಾಖಾನೆಯಲ್ಲಿ ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಸಾಧಾರಣ ಕ್ಷಯಕ್ಕೆ ಈಗ ಆರು ತಿಂಗಳು: ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಮೂತ್ರ ಕೆಂಪಗಾದರೆ ಹೆದರಬೇಡಿ, ಅದು ಔಷಧಿಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ದವಾಖಾನೆಗೆ ಹೋಗಬೇಕು.

ಊರಿಂದ ತಂದೆತಾಯಿಗಳನ್ನು ಕರೆತಂದು ಇಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದೀರಿ. ಮುದುಕರ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಬೀಡಿಯ ಕೆಮ್ಮು, ವಯಸ್ಸಾಯಿತು’ ಎಂದುಬಿಡುತ್ತೇವೆ. ಅವರಿಗೆ ಜ್ವರ ಜೋರಾಗಿ ಬಾರದೆ, ಬರೀ ಊಟ ಸೇರದೆ ತೂಕ ಇಳಿಯುತ್ತಾ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯದ ಭಯ ಎರಡು ಮೂರು ಪಟ್ಟು ಹೆಚ್ಚು. ನರ್ಸಬಾಯಿ ಬಂದಾಗ ಖೋಲಿಯ ಮೂಲೆಯಲ್ಲಿ ಕುಳಿತ ಅಜ್ಜನನ್ನೂ ತೋರಿಸಿರಿ. ರಕ್ತದ ಒತ್ತಡ ನೋಡಿಸಿರಿ. ಅಜ್ಜ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಆಕೆಯ ಮುಂದಿಡಿ. ಒಂದೇ ಮಾತ್ರೆ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿರುವುದು ಉಂಟು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಇದಕ್ಕೆ ಔಷಧಿ ಬೇಡ, ಕೈ ಬೇಕು. ಚಾಳಿನ ಕೊನೆಯ ಪಾಯಖಾನೆಗೆ ರಾತ್ರಿ ಹೋಗುವ ದಾರಿಯಲ್ಲಿ ಒಂದು ದೀಪ ಇರಲಿ. ಬಿದ್ದು ಸೊಂಟ ಮುರಿದ ಮುದುಕರು ಮತ್ತೆ ಏಳುವುದು ಕಷ್ಟ.

ಖರ್ಚಿನ ಮಾತೂ ಹೇಳಬೇಕಲ್ಲ. ಕ್ಷಯದ ಔಷಧಿ ತೆಗೆದುಕೊಳ್ಳುವವರಿಗೆ ಊಟದ ಸಹಾಯವೆಂದು 2018ರಿಂದ ಸರಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ಮಾಡಿದೆ. ಹಣ ಬ್ಯಾಂಕಿನ ಖಾತೆಗೇ ಬರುತ್ತದೆ. ಊರಿಗೆ ಹೋಗಲೇಬೇಕಾದವರು ಹೇಳದೆ ರೈಲು ಹತ್ತಬೇಡಿ. ದವಾಖಾನೆಯಲ್ಲಿ ತಿಳಿಸಿದರೆ ಚಿಕಿತ್ಸೆಯನ್ನು ನಿಮ್ಮ ತಾಲೂಕಿನ ದವಾಖಾನೆಗೆ ವರ್ಗ ಮಾಡಿಕೊಡುತ್ತಾರೆ. ಕೈಯಲ್ಲಿ ಕೆಲವು ದಿನಗಳ ಮಾತ್ರೆಯನ್ನೂ ಕೇಳಿ ಪಡೆಯಿರಿ. ಖೋಲಿಯವರ ತಪಾಸಣೆಯೂ ಆಗಬೇಕು; ರೋಗವಿಲ್ಲದವರಿಗೂ ತಡೆಯುವ ಔಷಧಿ ಉಂಟು.

ಫಾರ್ಮು ತುಂಬಲು, ಮರಾಠಿಯ ಕಾಗದ ಓದಿ ತಿಳಿಯಲು ತೊಂದರೆ ಇದ್ದವರು ಸಂಜೆ ಏಳರ ಮೇಲೆ ಇಲ್ಲಿಗೆ ಬನ್ನಿ. ಆಧಾರ್ ಚೀಟಿ ಮತ್ತು ಬ್ಯಾಂಕಿನ ಪುಸ್ತಕ ಜೊತೆಗಿರಲಿ. ಹೆಸರು ಹೇಳಲು ಸಂಕೋಚವಾದರೆ ಪತ್ರಿಕೆಗಳ ಮೇಜಿನ ಹತ್ತಿರ ಬಂದು ನಿಲ್ಲಿರಿ, ನಾನೇ ಹೊರಗೆ ಬರುತ್ತೇನೆ.